ಅಂತರಗ್ನಿ: ಒಂದು ಹೊಸ ವಾದ್ಯವೃಂದದ ಪರಿಶೀಲನೆ

ಗೀತ, ವಾದ್ಯ, ನೃತ್ಯ ಈ ಮೂರೂ ಕೂಡಿದುದೇ ಸಂಗೀತವೆಂದು 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ನಿರ್ಣಯಿಸಿದನು. ಅಷ್ಟಕ್ಕೇ ನಿಲ್ಲದೆ, ನೃತ್ಯವು ವಾದ್ಯವನ್ನೂ ವಾದ್ಯವು ಗೀತವನ್ನೂ ಅನುಸರಿಸತಕ್ಕವುಗಳಾದುದರಿಂದ ಮೂರರಲ್ಲಿ ಗೀತವೇ ಪ್ರಧಾನವೆಂದೂ ಆತನು ಹೇಳಿದನು. ಈ ಅಳತೆಗೋಲು ಏಳು ನೂರು ವರ್ಷಗಳಾದ ಮೇಲೂ ಸವೆದಿಲ್ಲ. ವಿದ್ಯುತ್ತಿನಿಂದ ನುಡಿಯುವ ಗಿಟಾರನ್ನೂ, ಕೋಲುಗಳಿಂದ ಬಾರಿಸುವ ದೊಡ್ಡ ಡ್ರಂಗಳನ್ನೂ ಮುಂದಿಟ್ಟುಕೊಂಡು ನಾಲ್ಕೈದು ಮಂದಿ ತರುಣರು ಕೂಡಿ ಹಾಡುವ ಇಂದಿನ ‘ರಾಕ್’ ವಾದ್ಯವೃಂದಗಳನ್ನು ಅಳೆಯುವುದಕ್ಕೂ ಅದು ಸಾಕಾಗುತ್ತದೆ. ಬೇರೆ ಅಳತೆಗೋಲನ್ನು ಹುಡುಕಿಕೊಂಡು ಹೊರಗೆ ಹೋಗಬೇಕಾದ ಆವಶ್ಯಕತೆ ಕಾಣುವುದಿಲ್ಲ.

‘ರಾಕ್’ ಎಂಬ ಹೆಸರನ್ನು ಕೇಳಿದ ಕೂಡಲೆ ಊರಿಗಾಮಿನ ಹಿರಿಯರು ಬಂಡೆಯನ್ನು ನೆನೆದುಕೊಂಡರೆ ಆಶ್ಚರ್ಯವಿಲ್ಲ. ಬಂಡೆಯನ್ನು ಕೊರೆದೇ ಬಾಳಿದ ಊರು ಅದು. ಆದರೆ ಇಲ್ಲಿಯ ಮಾತು ಬಂಡೆಯದಲ್ಲ. ತೊಟ್ಟಿಲನ್ನು ತೂಗುವಂತೆ ತೂಗುವ, ಮೈಮರೆತು ಓಲಾಡುವ ಕ್ರಿಯೆಯಿಂದ ಬಂದ ಹೆಸರು. ಹೆಸರು ಎಲ್ಲಿಯದೇ ಆಗಲಿ, ಆ ಸಂಗೀತವು ಈ ಜಿಲ್ಲೆಯ ಮನೆಗಳೊಳಗೆ ಬಂದು ಬಹಳ ಕಾಲವಾಗಿದೆ. 1894ರಲ್ಲಿ ಚಿನ್ನದ ಗಣಿಗಳಿಗಾಗಿ ಹಾಕಿದ ಬಂಗಾರಪೇಟೆ ಮಾರಿಕುಪ್ಪಗಳ ನಡುವಣ ರೈಲುದಾರಿಯಲ್ಲಿ ಈಗ ಚಿನ್ನ ಸಾಗುವುದಿಲ್ಲ. ಬೆಂಗಳೂರಿಗೆ ಕೂಲಿಗೂ ನೌಕರಿಗೂ ಓದಿಗೂ ಹೊರಟ ಸಾವಿರಾರು ಜನ ಸಾಗುತ್ತಾರೆ. ನಸುಕಿನಲ್ಲಿ ಹೊರಟು ರಾತ್ರಿ ಹಿಂದಿರುಗುವ ಈ ತರುಣರಲ್ಲಿ ಅನೇಕರ ಕಿವಿಗಳಲ್ಲಿ ಹತ್ತಿಯ ಗಾತ್ರದ ಯಂತ್ರಗಳಿರುತ್ತವೆ. ಅದರೊಳಗೆ ಏನು ನುಡಿಯುತ್ತಿದೆ, ಅದು ಕೇಳತಕ್ಕದ್ದೇ ಅಲ್ಲವೆ ಎಂಬುದನ್ನು ವಿಚಾರಿಸುವುದು ಮನೆಯ ಹಿರಿಯರ ಕೆಲಸ. ವಿಚಾರಿಸದೆ ಮೂಗು ಮುರಿಯುವುದು ಸುಲಭ; ವಿಚಾರಿಸದೆ ಮೆಚ್ಚುವುದು ಅದಕ್ಕಿಂತಲೂ ಸುಲಭ. ಎರಡೂ ವಿಮರ್ಶೆಯಾಗಲಾರದು.

ಅಂಥ ವೃಂದಗಳು ಬೆಂಗಳೂರಿನಲ್ಲಿ ಹಲವಿವೆ. ಅವುಗಳಲ್ಲಿ ಕನ್ನಡದ ಮಾತನ್ನು ಗಿಟಾರಿನ ಜೊತೆಗೆ ಕೂಡಿಸಿ ಲೋಕದ ಕಿವಿಗೆ ಮುಟ್ಟಿಸಿದ ಒಂದನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದೆ. ಮೈಸೂರಿನಲ್ಲಿ ಬೆಳೆದ ಶ್ರೀ ರಘು ದೀಕ್ಷಿತರು ಮೊದಲು ‘ಅಂತರಗ್ನಿ’ ಎಂಬ ಹೆಸರಿನಿಂದಲೂ, ಆಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೆಸರಿನಿಂದಲೂ ನಡೆಸಿದ ವೃಂದವೇ ಅದು.

ಮೊದಲು ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ಗಿಟಾರು ಪರದೇಶದ ವಾದ್ಯ, ಅದರಲ್ಲಿ ಕನ್ನಡದ ಸಂತನ ಪದವನ್ನು ಹಾಡುವುದು ಅನುಚಿತವೆಂಬುದು ಹಲವರ ಮತ. ಈ ಮತವನ್ನು ಹಿಡಿದವರು ಕಛೇರಿಗೆ ಹೋದಾಗ ಪಿಟೀಲಿನ ಕಡೆಗೆ ಕಣ್ಣು ಹಾಯಿಸಬೇಕು. ಅದನ್ನು ಕರ್ಣಾಟಕ ಸಂಗೀತಕ್ಕೆ ತಂದವರಲ್ಲಿ ಮುಖ್ಯರು ಬಾಲುಸ್ವಾಮಿ ದೀಕ್ಷಿತರು.  ಅವರ ಅಣ್ಣಂದಿರೇ ಆದ ಮುತ್ತುಸ್ವಾಮಿ ದೀಕ್ಷಿತರು ಕಂಪೆನಿಯ ಸೈನ್ಯದ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ‘ನೋಟುಸ್ವರ’ಗಳೆಂದು ಹೆಸರಾದ ಆ ಕೃತಿಗಳು ಸುಮಾರು ನಾಲ್ವತ್ತು ಇವೆ, ಆಂಗ್ಲರ ರಾಜಸ್ತುತಿಯ ಮಟ್ಟಿಗೇ ಅವರು ದೇವೀಸ್ತುತಿಯನ್ನು ಹೊಂದಿಸಿದರು. ಮೈಸೂರಿನ ಚೌಡಯ್ಯನವರು ಅದೇ ಪಿಟೀಲಿಗೆ ಏಳು ತಂತಿಗಳನ್ನು ಬಿಗಿದು ಅದನ್ನು ತಮ್ಮ ಮನೆಯ ವಾದ್ಯವನ್ನಾಗಿ ಮಾಡಿಕೊಂಡರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿದ ದಕ್ಷಿಣ ಕನ್ನಡದ ಬಾಲಕನೊಬ್ಬನು ಮುಂದೆ ಕದ್ರಿ ಗೋಪಾಲನಾಥರೆಂದು ಪ್ರಸಿದ್ಧನಾಗಿ, ಆ ಹಿತ್ತಾಳೆಯ ವಾದ್ಯದಲ್ಲಿ ರಾಗಾಲಾಪನೆ ಮಾಡಿದನು. ಹೀಗಿರಲು ವಾದ್ಯದ ಜನ್ಮಸ್ಥಾನವನ್ನು ಕೇಳುವುದು ವ್ಯರ್ಥ. ಅದು ಯಾರ ಊಳಿಗವನ್ನು ಮಾಡುತ್ತಿದೆ ಎಂಬುದನ್ನು ಕೇಳಬೇಕು.

ವಿದ್ಯುತ್ತಿನ ಮಾತಂತೂ ಊರಿಗಾಮಿನವರು ಆಡತಕ್ಕ ಆಕ್ಷೇಪವೇ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿಗಳ ತಂತಿಯ ಮೇಲೆ ಕಾವೇರಿಯ ಶಕ್ತಿಯು ಮೊದಲು ಹರಿದುಬಂದುದು ಇಲ್ಲಿಯ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಅದರ ಬೆಳಕನ್ನು ಕಂಡುದು 1905ರಲ್ಲಿ. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಇಲ್ಲಿ ಕಾಲಿಟ್ಟಮೇಲೆ ಇಗರ್ಜಿಯ ವಾದ್ಯಗಳೂ ಕ್ಲಬ್ಬಿನ ನೃತ್ಯಸಂಗೀತವೂ ತಮಿಳು ಕೂಲಿಕಾರರ ತಮಟೆಯೂ ತೆಲುಗಿನವರ ಭಜನೆಯೂ ಒಂದೇ ಮೈದಾನದ ಸುತ್ತ ಕೇಳಿಬರುತ್ತಿದ್ದುವು. ಬೆಂಗಳೂರಿನ ದಂಡು ಪ್ರದೇಶಕ್ಕೂ ಊರಿಗಾಮಿಗೂ ಈ ವಿಷಯದಲ್ಲಿ ಸಾಮ್ಯವುಂಟು: ಎರಡೂ ಹಲವು ಭಾಷೆಗಳ ಊರು, ಎರಡರಲ್ಲಿಯೂ ಪಶ್ಚಿಮದ ವಾದ್ಯಗಳು ನಾಲ್ಕಾರು ತಲೆಮಾರುಗಳಿಂದ ಮನೆಮಾಡಿಕೊಂಡಿವೆ. ಆದುದರಿಂದ ಬೆಂಗಳೂರಿನ ವೃಂದವೊಂದರ ಗುಣದೋಷಗಳ ವಿಚಾರವು ಊರಿಗಾಮಿಗೆ ನೆರೆಮನೆಯ ವಿಚಾರವಲ್ಲ.

ಇನ್ನು ಈ ವೃಂದವು ಹುಟ್ಟಿದ ಬಗೆಯನ್ನು ಹೇಳಬೇಕು. ರಘು ದೀಕ್ಷಿತರು 1974ರಲ್ಲಿ ನಾಸಿಕದಲ್ಲಿ ಜನಿಸಿ ಮೈಸೂರಿನಲ್ಲಿ ಬೆಳೆದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಅಭ್ಯಸಿಸಿ ಎಂ.ಎಸ್‌ಸಿ. ಪದವಿಯನ್ನು ಸುವರ್ಣಪದಕದೊಡನೆ ಪಡೆದರು. ಅದಕ್ಕೂ ಮೊದಲೇ ಭರತನಾಟ್ಯವನ್ನು ಕ್ರಮವಾಗಿ ಕಲಿತಿದ್ದರು. ಗಂಡುಹುಡುಗನು ನಾಟ್ಯವಾಡುವುದೇನೆಂದು ಕಾಲೇಜಿನಲ್ಲಿ ಸಹಪಾಠಿಯೊಬ್ಬನು ಹಾಸ್ಯಮಾಡಿದಾಗ, ಪಂತ ಕಟ್ಟಿ ಗಿಟಾರನ್ನು ಕೈಗೆತ್ತಿಕೊಂಡುದಾಗಿ ಅವರೇ ಹೇಳಿಕೊಂಡಿದ್ದಾರೆ. ಪಂತಕ್ಕಾಗಿ ಹಿಡಿದ ವಾದ್ಯವು ಬಾಳಿನ ವಾದ್ಯವಾಯಿತು. ಕೆಲವು ಕಾಲ ಬೆಲ್ಜಿಯಂ ದೇಶದಲ್ಲಿ ಉದ್ಯೋಗದಲ್ಲಿದ್ದು, ಅದನ್ನು ಬಿಟ್ಟು ಹಾಡುವುದಕ್ಕೆಂದೇ ಹಿಂದಿರುಗಿದರು. 1990ರ ದಶಕದ ಕೊನೆಯ ವರ್ಷಗಳಲ್ಲಿ, ಕರ್ಣಾಟಕ ಸಂಗೀತದ ಪಿಟೀಲು ವಿದ್ವಾಂಸರಾದ ಎಚ್. ಎನ್. ಭಾಸ್ಕರ್ ಅವರೊಡನೆ ಸೇರಿ ಅವರು ಕಟ್ಟಿದ ವೃಂದವೇ ‘ಅಂತರಗ್ನಿ’.

ಈ ಹೆಸರಿನಲ್ಲಿ ಒಂದು ಸ್ವಾರಸ್ಯವುಂಟು. ರೋಮನ್ ಅಕ್ಷರಗಳು ಹ್ರಸ್ವದೀರ್ಘಗಳನ್ನು ತಿಳಿಸುವುದಿಲ್ಲವಾಗಿ, ಕೆಲವರು ‘ಅಂತರಾಗ್ನಿ’ ಎಂದು ದೀರ್ಘವನ್ನೂ ಎಳೆಯುತ್ತಾರೆ. ‘ಅಂತರ’ ಎಂಬ ನಾಮಪದಕ್ಕೆ ‘ಅಗ್ನಿ’ ಸೇರಿದರೆ ಸವರ್ಣದೀರ್ಘ. ‘ಅಂತರ್’ ಎಂಬ ಅವ್ಯಯಕ್ಕೆ ಸೇರಿದರೆ ‘ಅಂತರಗ್ನಿ’. ಎರಡನ್ನೂ ‘ಒಳಗಿನ ಬೆಂಕಿ’ ಎಂದೇ ಜನರು ಅರ್ಥಮಾಡಿಕೊಳ್ಳುತ್ತಾರೆ. ಹೆಸರಿಟ್ಟವರೂ ಕಲಾವಿದನ ಒಳಗಿನ ಉರಿಯನ್ನೇ ಭಾವಿಸಿರಬಹುದು. ಆದರೆ ವೈದ್ಯಶಾಸ್ತ್ರದಲ್ಲಿ ಅಂತರಗ್ನಿ ಎಂದರೆ ಜಠರಾಗ್ನಿ, ಉಂಡುದನ್ನು ಅರಗಿಸುವ ಬೆಂಕಿ. ಬೇಕೆಂದು ಇಟ್ಟಿದ್ದರೂ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುತ್ತಿರಲಿಲ್ಲ. ಪರದೇಶದಿಂದ ಬಂದ ವಾದ್ಯವನ್ನೂ ಪೂರ್ವಕಾಲದಿಂದ ಬಂದ ಪದವನ್ನೂ ಒಂದೇ ಎಲೆಯಲ್ಲಿ ಬಡಿಸಿಕೊಂಡವನಿಗೆ ಮುಖ್ಯವಾಗಿ ಬೇಕಾದುದು ಈ ಬೆಂಕಿಯೇ. ಅದು ಚೆನ್ನಾಗಿದ್ದರೆ ಉಂಡುದು ರಕ್ತವಾಗುತ್ತದೆ, ಮಂದವಾಗಿದ್ದರೆ ಅಜೀರ್ಣವಾಗುತ್ತದೆ. ಇವರು ಯಾವುದನ್ನು ಅರಗಿಸಿಕೊಂಡರು, ಯಾವುದನ್ನು ಅರಗಿಸಿಕೊಳ್ಳಲಿಲ್ಲ ಎಂಬುದೇ ಪ್ರಕೃತ ವಿಚಾರ.

ಮೊದಲ ವೃಂದವು ಕೆಲವು ವರ್ಷಗಳಲ್ಲಿ ಚೆದರಿತು. 2005ರ ಸುಮಾರಿನಲ್ಲಿ ರಘು ದೀಕ್ಷಿತರು ತಮ್ಮ ಹೆಸರಿನಿಂದಲೇ ಮತ್ತೊಂದನ್ನು ಆರಂಭಿಸಿದರು. ಅದನ್ನು ಅವರು ಬಾಗಿಲು ತೆರೆದ ಮನೆಯೆಂದು ಭಾವಿಸಿದರು: ವಾದಕರು ಬರಬಹುದು, ಕೆಲವು ಕಾಲ ಇರಬಹುದು, ಹೋಗಬಹುದು. ಮಂದ್ರ ಗಿಟಾರಿನ ಗೌರವ್ ವಾಜ್ ಮೊದಲಾದವರು ಹೀಗೆ ಸೇರಿದರು. ಧ್ವನಿಮುದ್ರಣದ ಸಂಸ್ಥೆಗಳು ಬಹುಕಾಲ ಇವರಿಗೆ ಬಾಗಿಲು ತೆರೆಯಲಿಲ್ಲ. ಚಲನಚಿತ್ರದ ಹಾಡಲ್ಲ, ಶಾಸ್ತ್ರೀಯವಲ್ಲ, ಭಾವಗೀತೆಯೂ ಅಲ್ಲ. ಇದನ್ನು ಯಾವ ಗೂಡಿನಲ್ಲಿ ಇಟ್ಟು ಮಾರುವುದೆಂಬುದು ವರ್ತಕರ ತೊಡಕು. ಕೊನೆಗೆ ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರು ಕೇಳಿ ಮೆಚ್ಚಿ, ತಮ್ಮದೇ ಹೊಸ ಸಂಸ್ಥೆಯಿಂದ 2008ರಲ್ಲಿ ಇವರ ಮೊದಲ ಧ್ವನಿಸಂಪುಟವನ್ನು ಹೊರತಂದರು. ಹಳೆಯ ವೃಂದದ ಹೆಸರು ಆ ಸಂಪುಟದ ಹೆಸರಾಗಿ ಉಳಿಯಿತು. 2010ರಲ್ಲಿ ಇಂಗ್ಲೆಂಡಿನ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ಕಾರ್ಯಕ್ರಮದಲ್ಲಿ ಹಾಡಿದರು; 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯವರು ಇವರಿಗೆ ಹೊಸಬರ ಪ್ರಶಸ್ತಿಯನ್ನು ಕೊಟ್ಟರು. ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ನಿಂತ ಮೈಸೂರಿನವರೊಬ್ಬರನ್ನು ಹೊರನಾಡಿನ ಸಾವಿರಾರು ಜನ ಕೇಳಿದರು. ಹತ್ತು ವರ್ಷ ಬಾಗಿಲು ಬಡಿದವರ ಏಳಿಗೆ ಇದು. ಇದನ್ನು ಅದೃಷ್ಟವೆಂದು ಹೇಳಿಬಿಡುವುದು ನ್ಯಾಯವಲ್ಲ.

ಇವರು ಒಂಟಿಯಾಗಿಯೂ ಇರಲಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ವೃಂದವು, ಯಾವ ವರ್ತಕರ ಹಂಗಿಗೂ ಬೀಳದೆ, ಬೆಂಗಳೂರಿನ ಬಾಳನ್ನೇ ಇಂಗ್ಲಿಷಿನಲ್ಲಿ ಹಾಡುತ್ತ ಬಂದಿತು. ರಘು ದೀಕ್ಷಿತರ ತಮ್ಮಂದಿರಾದ ವಾಸು ದೀಕ್ಷಿತರು 2002ರಲ್ಲಿ ಆರಂಭಿಸಿದ ‘ಸ್ವರಾತ್ಮ’ವು 2009ರಲ್ಲಿ ತನ್ನ ಮೊದಲ ಸಂಪುಟವನ್ನು ಹೊರತಂದಿತು, ಅದರಲ್ಲಿ ಕಾವೇರಿಯ ನೀರಿನ ವ್ಯಾಜ್ಯವನ್ನು ಕುರಿತ ಹಾಡೊಂದುಂಟು. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ವೃಂದಗಳನ್ನು ಕಟ್ಟಿದರೆಂಬುದೇ ಆ ಕಾಲದ ಹುರುಪಿಗೆ ಸಾಕ್ಷಿ. ಇವರೆಲ್ಲರೂ ‘ಸ್ವತಂತ್ರ’ರೆಂದು ಕರೆಸಿಕೊಳ್ಳುತ್ತಾರೆ. ಚಿತ್ರನಿರ್ಮಾಪಕನ ಅಪ್ಪಣೆಯಿಲ್ಲದೆ, ಕಥೆಯ ಸಂದರ್ಭದ ಕಟ್ಟಿಲ್ಲದೆ ಹಾಡುವುದು ಇಲ್ಲಿಯ ಸ್ವಾತಂತ್ರ್ಯದ ಅರ್ಥ. ಆದರೆ ಒಡೆಯನಿಲ್ಲದಿರುವುದು ಸ್ವಾತಂತ್ರ್ಯದ ಅರ್ಧಭಾಗ ಮಾತ್ರ. ಸ್ವಂತ ಮಾತಿರುವುದು ಉಳಿದ ಅರ್ಧ.

ಇನ್ನು ಹಾಡುಗಳ ವಿಚಾರ. 2008ರ ಸಂಪುಟದಲ್ಲಿ ಎಂಟು ಹಾಡುಗಳಿವೆ. ಅವುಗಳಲ್ಲಿ ಕನ್ನಡದವು ಎರಡು. ಎರಡೂ ಶಿಶುನಾಳ ಷರೀಫರ ತತ್ತ್ವಪದಗಳು. 1819ರಿಂದ 1889ರ ವರೆಗೆ ಬಾಳಿದ ಷರೀಫರು ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದವರು; ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರ ಶಿಷ್ಯರಾದವರು; ಕೆಲವು ಕಾಲ ಶಾಲೆಯ ಉಪಾಧ್ಯಾಯರೂ ಆಗಿದ್ದರು. ಅವರ ಪದಗಳನ್ನು ಹಳ್ಳಿಯ ಭಜನೆಯ ಮನೆಗಳಿಂದ ಪಟ್ಟಣದ ಮನೆಗಳಿಗೆ ತಂದವರಲ್ಲಿ ಸಿ. ಅಶ್ವತ್ಥರು ಅಗ್ರಗಣ್ಯರು. ನಾಗಾಭರಣರು ನಿರ್ದೇಶಿಸಿದ 1990ರ ಚಲನಚಿತ್ರದ ಮೂಲಕ ಆ ಪದಗಳು ಕನ್ನಡಿಗರೆಲ್ಲರಿಗೂ ಪರಿಚಿತವಾದುವು. ಆದುದರಿಂದ ರಘು ದೀಕ್ಷಿತರು ಕೈಯಿಟ್ಟುದು ಜನರು ಮರೆತ ಪದಗಳ ಮೇಲಲ್ಲ; ಕಿವಿಯಲ್ಲಿ ಇನ್ನೂ ಅಶ್ವತ್ಥರ ಕಂಠ ಮೊಳಗುತ್ತಿದ್ದ ಪದಗಳ ಮೇಲೆ. ಅಂಥಲ್ಲಿ ಹೊಸ ಮಟ್ಟನ್ನು ಕಟ್ಟುವುದಕ್ಕೆ ಧೈರ್ಯ ಬೇಕು.

ಮೊದಲನೆಯದು ಗುಡುಗುಡಿಯ ಪದ. ಮೇಲೆ ನೋಡಿದರೆ ಹುಕ್ಕಾ ಸೇದೆಂಬ ಆಹ್ವಾನ. ಒಳಗೆ ನೋಡಿದರೆ ಮನಸ್ಸಿನ ಚೀಲವನ್ನು ಬಿಚ್ಚಿ, ಮೋಹವನ್ನು ಕೊಚ್ಚಿ ಸುಟ್ಟು, ಈ ಶರೀರವೆಂಬ ಬುರುಡೆಯಲ್ಲಿ ಅರಿವನ್ನು ಎಳೆದುಕೊಳ್ಳೆಂಬ ಉಪದೇಶ. ಆನಂದವರ್ಧನನ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ವಾಚ್ಯಾರ್ಥವು ಬಾಗಿಲು, ಧ್ವನಿಯೇ ಮನೆ. ರಘು ದೀಕ್ಷಿತರು ಇದಕ್ಕೆ ಕಟ್ಟಿದ ಮಟ್ಟು ಚುರುಕಾದದ್ದು; ಕೇಳಿದವನ ಕಾಲು ತಾನಾಗಿಯೇ ತಾಳ ಹಾಕುತ್ತದೆ. ಸಭೆಯಲ್ಲಿ ಅವರು ಪಲ್ಲವಿಯನ್ನು ಜನರಿಂದಲೇ ಹಾಡಿಸುತ್ತಾರೆ, ಕುಣಿಸುತ್ತಾರೆ. ಇದು ಗುಣವೇ. ಏಕತಾರಿ, ದಮ್ಮಡಿ, ತಾಳಗಳಿಂದ ರಾತ್ರಿಯೆಲ್ಲಾ ಹಾಡುವ ಭಜನೆಯ ಮೇಳದವರೂ ಇದನ್ನೇ ಮಾಡುತ್ತಿದ್ದರು. ಪದವು ಮೊದಲು ಮೈಗೆ ಹತ್ತಬೇಕು, ಆಮೇಲೆ ಮನಸ್ಸಿಗೆ ಇಳಿಯಬೇಕೆಂಬುದು ತತ್ತ್ವಪದದ ಸಂಪ್ರದಾಯ. ಶರೀರವೇ ಬುರುಡೆಯೆಂದು ಹೇಳುವ ಪದವನ್ನು ಶರೀರದಿಂದಲೇ ಹಾಡಿಸುವುದು ಅನುಚಿತವೂ ಅಲ್ಲ.

ಆದರೆ ಭಜನೆಯ ಮೇಳದಲ್ಲಿ ಒಂದು ಸೌಕರ್ಯವಿತ್ತು. ಅಲ್ಲಿ ಕುಳಿತವರಿಗೆ ಭಾಷೆ ತಿಳಿದಿತ್ತು. ತಿಳಿಯದ ನುಡಿಯನ್ನು ಬಿಡಿಸಿ ಹೇಳುವ ಹಿರಿಯನೊಬ್ಬನಿದ್ದನು. ಮುಂಬಯಿಯಲ್ಲಿಯೋ ಲಂಡನ್ನಿನಲ್ಲಿಯೋ ಕುಣಿಯುವ ಸಭೆಗೆ ಈ ಎರಡೂ ಇಲ್ಲ. ಅಲ್ಲಿ ಪಲ್ಲವಿಯು ಅರ್ಥವಿಲ್ಲದ ಇಂಪಾದ ಸದ್ದಾಗುತ್ತದೆ. ಬೆಂಗಳೂರಿನಲ್ಲಿ ಭಾಷೆ ತಿಳಿದ ತರುಣರೂ ಅನೇಕರು ವಾಚ್ಯದ ಬಾಗಿಲಲ್ಲೇ ನಿಂತು, ಇದು ಮತ್ತಿನ ಹಾಡೆಂದು ಸಂತೋಷಪಡುತ್ತಾರೆ. ಷರೀಫರು ಬಿಡಿಸಲೆಂದು ಬಂದ ಮತ್ತಿಗೇ ಷರೀಫರ ಪದವು ಸಾಕ್ಷಿಯಾಗುತ್ತದೆ! ಹಾಡಿಗೆ ಮೊದಲು ಕವಿಯ ವಿಚಾರವಾಗಿ ಎರಡು ಮಾತು ಹೇಳುವ ಪದ್ಧತಿಯನ್ನು ರಘು ದೀಕ್ಷಿತರು ಇಟ್ಟುಕೊಂಡಿರುವುದು ಶ್ಲಾಘ್ಯ. ಆದರೆ ಮಾತಿನಲ್ಲಿ ಹೇಳಿದುದನ್ನು ಮಟ್ಟು ಅಲ್ಲಗಳೆದರೆ ಕೇಳುವವನು ಮಟ್ಟನ್ನೇ ನಂಬುತ್ತಾನೆ. ಶಾರ್ಙ್ಗದೇವನ ಅಳತೆಗೋಲಿನಿಂದ ನೋಡಿದರೆ, ಈ ಹಾಡಿನಲ್ಲಿ ನೃತ್ಯವು ಮುಂದೆ, ವಾದ್ಯವು ಅದರ ಹಿಂದೆ, ಗೀತವು ಎಲ್ಲಕ್ಕೂ ಹಿಂದೆ. ಸವಾರನು ಕುದುರೆಯ ಬಾಲವನ್ನು ಹಿಡಿದು ಓಡಿದಂತಾಯಿತು.

ಎರಡನೆಯದು ಸೋರುವ ಮಾಳಿಗೆಯ ಪದ. ಇಲ್ಲಿ ಮಾತೇ ಬೇರೆ. ಮನೆಯ ಮಾಡು ಸೋರುತ್ತಿದೆ, ತೊಲೆ ಮುರಿದಿದೆ, ಜಂತೆ ಹುಳುಕಾಗಿದೆ, ಕತ್ತಲೆಯಲ್ಲಿ ಮೇಲೆ ಹತ್ತಿ ಸರಿಪಡಿಸುವವರಿಲ್ಲ ಎಂಬ ಚಿತ್ರದ ಮೂಲಕ ಅಜ್ಞಾನದಿಂದ ಜೀರ್ಣವಾದ ದೇಹವೂ ಮನಸ್ಸೂ ಕಾಣುತ್ತವೆ. ಅಶ್ವತ್ಥರು ಇದನ್ನು ಏರುಕಂಠದಲ್ಲಿ, ಊರಿಗೆಲ್ಲಾ ಕೇಳಿಸುವ ಮೊರೆಯಾಗಿ ಹಾಡಿದರು. ಅದು ಬಯಲಿನಲ್ಲಿ ನಿಂತವನ ಕೂಗು. ರಘು ದೀಕ್ಷಿತರು ಇದನ್ನು ನಿಧಾನವಾಗಿ, ಮನೆಯೊಳಗೇ ಕುಳಿತವನ ಮಾತಿನಂತೆ ಆರಂಭಿಸುತ್ತಾರೆ. ಗಿಟಾರಿನ ತಂತಿಗಳನ್ನು ಒಂದೊಂದಾಗಿ ಬಿಡಿಸುವ ಕ್ರಮವು ಹನಿಯಿಕ್ಕುವ ನೀರನ್ನು ನೆನಪಿಗೆ ತರುತ್ತದೆ. ನೀರನ್ನು ಅನುಕರಿಸಿ ತೋರಿಸುವ ಆಟವಾಗುವುದಿಲ್ಲ. ವಾದ್ಯವು ಪದಕ್ಕೆ ಎಡೆಬಿಟ್ಟು ನಡೆಯುತ್ತದೆ. ಸಂಪುಟದ ಕೊನೆಯಲ್ಲಿ ಈ ಹಾಡನ್ನು ಇಟ್ಟಿರುವುದರಲ್ಲಿಯೂ ಔಚಿತ್ಯವಿದೆ. ಕುಣಿತವೆಲ್ಲ ಮುಗಿದ ಮೇಲೆ ಉಳಿಯುವುದು ಮನೆ, ಅದರ ಮಾಡು, ಅದರೊಳಗಿನ ಕತ್ತಲೆ. ಗೀತವು ಮುಂದೆ, ವಾದ್ಯವು ಹಿಂದೆ, ನೃತ್ಯವು ಸುಮ್ಮನೆ. ಇಲ್ಲಿ ಅಂತರಗ್ನಿ ಉರಿದಿದೆ. ಪರದೇಶದ ವಾದ್ಯವೂ ಹಳೆಯ ಪದವೂ ಅರಗಿ ಒಂದಾಗಿವೆ. ಅಶ್ವತ್ಥರ ಮಟ್ಟಿಗೆ ಇದು ಪ್ರತಿಸ್ಪರ್ಧಿಯಲ್ಲ. ಅದೇ ಮನೆಯ ಇನ್ನೊಂದು ಕೋಣೆ.

ಈ ಹಾಡನ್ನು ಊರಿಗಾಮಿನಲ್ಲಿ ಕೇಳುವುದಕ್ಕೂ ಬೇರೆ ಕಡೆ ಕೇಳುವುದಕ್ಕೂ ವ್ಯತ್ಯಾಸವುಂಟು. 2001ನೆಯ ಇಸವಿ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದ ಮೇಲೆ, ಕೂಲಿಕಾರರ ಲೈನುಗಳ ಹಳೆಯ ಸೂರುಗಳನ್ನು ಸರಿಪಡಿಸಿಕೊಡುವ ಒಡೆಯನೇ ಇಲ್ಲವಾದನು. ಮಳೆ ಹಿಡಿದ ರಾತ್ರಿ ಅಂಥ ಸೂರಿನ ಕೆಳಗೆ ಪಾತ್ರೆಯಿಟ್ಟು ಕುಳಿತವನಿಗೆ ಧ್ವನ್ಯರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ವಾಚ್ಯಾರ್ಥವೇ ಎದೆಗೆ ಬಂದು ತಾಕುತ್ತದೆ. ಕವಿಯು ಉಪಮಾನವಾಗಿ ಹೇಳಿದುದು ಒಂದು ಊರಿನ ಪಾಲಿಗೆ ವಸ್ತುಸ್ಥಿತಿಯಾದಾಗ, ಪದಕ್ಕೆ ಕವಿಯೂ ನೆನೆಯದ ಬಲ ಬರುತ್ತದೆ. ಒಂದು ಹಾಡು ತನ್ನ ಕಾಲವನ್ನು ಮೀರಿತೆಂದು ಹೇಳುವುದು ಇಂಥ ಕಡೆ.

ಇಷ್ಟು ಮೆಚ್ಚಿದ ಮೇಲೆ ದೋಷವನ್ನು ಹೇಳುವುದಕ್ಕೆ ಅಧಿಕಾರವುಂಟು. ಎಂಟು ಹಾಡುಗಳಲ್ಲಿ ಕನ್ನಡದ ಎರಡನ್ನು ಬಿಟ್ಟರೆ ಉಳಿದವು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇವೆ. ಮೈಸೂರನ್ನು ಹೆಸರಿಸುವ ಹಾಡು ಕೂಡ ಹಿಂದಿಯದು. ಅಂದರೆ, ಈ ವೃಂದವು ತನ್ನ ಕಾಲದ ಪ್ರೇಮವನ್ನೂ ಪ್ರಶ್ನೆಯನ್ನೂ ಹೇಳಬೇಕಾದಾಗ ಬೇರೆ ನುಡಿಗಳಿಗೆ ಹೋಯಿತು. ಕನ್ನಡಕ್ಕೆ ಬರಬೇಕಾದಾಗ ನೂರು ವರ್ಷ ಹಿಂದಿನ ಸಂತನ ಮನೆಗೆ ಹೋಯಿತು. 2013ರಲ್ಲಿ ಹೊರಬಂದ ಎರಡನೆಯ ಸಂಪುಟದಲ್ಲಿಯೂ ಷರೀಫರ ಪದಗಳು ಮತ್ತೆ ಎರಡು ಸೇರಿದುವು. ಪಿತ್ರಾರ್ಜಿತವನ್ನು ಉಣ್ಣುವುದು ತಪ್ಪಲ್ಲ. ಸ್ವಯಾರ್ಜಿತವನ್ನು ಅದಕ್ಕೆ ಸೇರಿಸದಿರುವುದು ಕೊರತೆ. ಮುತ್ತುಸ್ವಾಮಿ ದೀಕ್ಷಿತರು ನೋಟುಸ್ವರಗಳಲ್ಲಿ ಅನ್ಯರ ಮಟ್ಟಿಗೆ ಸ್ವಂತ ಮಾತನ್ನು ಕೊಟ್ಟರು. ಇವರು ಸ್ವಂತ ಮಟ್ಟಿಗೆ ಅನ್ಯರ ಮಾತನ್ನು ತಂದರು. ಮಟ್ಟು ಅರಗಿತು, ಮಾತು ಬೇಯುವುದೇ ಬಾಕಿ ಉಳಿಯಿತು.

ಲೋಕಕ್ಕೆಲ್ಲ ಹಾಡಬೇಕಾದವನು ಬಹುಜನರಿಗೆ ತಿಳಿಯುವ ಭಾಷೆಯಲ್ಲಿ ಹಾಡಬಾರದೆ ಎಂದು ಕೇಳಬಹುದು. ಹಾಡಬಹುದು. ಆದರೆ ಈ ವೃಂದದ ಅನುಭವವೇ ಈ ವಾದಕ್ಕೆ ಉತ್ತರ ಕೊಡುತ್ತದೆ. ಲಂಡನ್ನಿನವರಿಗೆ ಹಿಂದಿಯೂ ತಿಳಿಯದು, ಕನ್ನಡವೂ ತಿಳಿಯದು. ಅವರು ಕಿವಿಗೊಟ್ಟುದು ಹಾಡುವವನ ಒಳಗೆ ಸತ್ಯವಿದೆಯೆಂದು ತೋರಿದ್ದರಿಂದ. ಅಂಥವರ ಮುಂದೆ ಇಂದಿನ ಮೈಸೂರನ್ನು ಇಂದಿನ ಕನ್ನಡದಲ್ಲಿ ಹಾಡಿದ್ದರೆ ನಷ್ಟವಾಗುತ್ತಿದ್ದುದೇನು? ಪ್ರಯೋಗಶೀಲರೆಂಬ ಬಿರುದನ್ನು ಹೊತ್ತವರು ಎಲ್ಲ ಪ್ರಯೋಗಗಳನ್ನೂ ವಾದ್ಯದ ಮೇಲೆಯೇ ಮಾಡಿ, ಮಾತಿನ ಮೇಲೆ ಮಾಡುವುದಕ್ಕೆ ಹಿಂಜರಿದರೆಂದೇ ಹೇಳಬೇಕಾಗಿದೆ. ಸಮಾನ ದೋಷವು ತಮ್ಮಂದಿರ ‘ಸ್ವರಾತ್ಮ’ದಲ್ಲಿಯೂ ಇಲ್ಲದಿಲ್ಲ: ಕಾವೇರಿಯ ವ್ಯಾಜ್ಯವನ್ನು ಕುರಿತ ಅವರ ಹಾಡಿನ ಹೆಸರೇ ‘ಪ್ಯಾಸಿ’, ಹಿಂದಿಯ ಮಾತು. ಆದರೂ ಎದುರಿಗಿದ್ದ ವಿಷಯವನ್ನೇ ಎತ್ತಿಕೊಂಡ ಧೈರ್ಯ ಅದರಲ್ಲಿದೆ.

ಷರೀಫರನ್ನು ಅನುಸರಿಸುವುದೆಂದರೇನೆಂಬ ಪ್ರಶ್ನೆ ಇಲ್ಲಿಗೆ ಬರುತ್ತದೆ. ಅವರ ಪದಗಳಲ್ಲಿ ಗಿರಣಿಯನ್ನು ಕುರಿತದ್ದೊಂದಿದೆ. ಧಾರವಾಡದ ಸೀಮೆಗೆ ಯಂತ್ರದ ಗಿರಣಿಗಳು ಹೊಸತಾಗಿ ಬಂದ ಕಾಲ ಅದು. ಸಂತನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಯಂತ್ರವು ಮ್ಲೇಚ್ಛರದೆಂದು ಹಳಿಯಲೂ ಇಲ್ಲ. ಅದರ ವಿಸ್ತಾರವನ್ನು ನೋಡಿರೆಂದು ಕರೆದು, ಅದರಲ್ಲಿಯೇ ತತ್ತ್ವವನ್ನು ಕಂಡನು. ಹಿಂದಿನವರ ವಚನಗಳನ್ನೂ ದಾಸರ ಪದಗಳನ್ನೂ ಹಾಡಿಕೊಂಡು ಸುಮ್ಮನಿದ್ದಿದ್ದರೆ ಷರೀಫನೆಂಬ ಕವಿ ಇರುತ್ತಿರಲಿಲ್ಲ. ಗುಡುಗುಡಿ, ಮಾಳಿಗೆ, ಗಿರಣಿ ಇವೆಲ್ಲ ಅವರ ಬೀದಿಯಲ್ಲಿ ಕಣ್ಣಿಗೆ ಬಿದ್ದ ವಸ್ತುಗಳು. ಆದುದರಿಂದ ಷರೀಫರ ಪದವನ್ನು ಹಾಡುವುದು ಅವರಿಗೆ ಸಲ್ಲಿಸುವ ನಮಸ್ಕಾರ. ತನ್ನ ಬೀದಿಯ ಗಿರಣಿಯನ್ನು ತಾನು ನೋಡಿ ಪದ ಕಟ್ಟುವುದು ಅವರ ಶಿಷ್ಯತ್ವ. ರಘು ದೀಕ್ಷಿತರು ನಮಸ್ಕಾರವನ್ನು ಸೊಗಸಾಗಿ ಮಾಡ ಬಲ್ಲರೆಂಬುದು ಸಿದ್ಧವಾಗಿದೆ.

ಷರೀಫರು ಬದುಕಿದ್ದಾಗಲೇ, 1880ರ ದಶಕದಲ್ಲಿ, ಊರಿಗಾಮಿನ ಗಣಿಗಳು ಆಳಕ್ಕಿಳಿಯತೊಡಗಿದ್ದುವು. ಮುಂದೆ ಚಾಂಪಿಯನ್ ರೀಫಿನ ಗಣಿಯು ಮೂರು ಸಾವಿರ ಮೀಟರುಗಳಿಗಿಂತಲೂ ಕೆಳಗೆ ಹೋಯಿತು. ಆ ಆಳದ ಕಾವು, ಬಂಡೆ ಸಿಡಿಯುವ ಸದ್ದು, ಮೇಲೆ ಬಾರದೆ ಹೋದವರ ಹೆಸರು, ಮುಚ್ಚಿದ ಗಣಿಯ ಬಾಯಿ, ಗಾಳಿಯೆದ್ದಾಗ ಮನೆಗಳ ಮೇಲೆ ದೂಳು ಸುರಿಸುವ ಸಯನೈಡ್ ದಿಬ್ಬಗಳು, ನಸುಕಿನ ರೈಲು ಇವೆಲ್ಲ ಷರೀಫರ ಗಿರಣಿಗಿಂತ ಕಡಮೆಯ ವಸ್ತುಗಳಲ್ಲ. ಇವುಗಳೊಳಗಿನ ತತ್ತ್ವವನ್ನು ಎತ್ತಿ ಹಾಡುವ ವೃಂದಕ್ಕೆ ಗಿಟಾರಿದ್ದರೂ ಸರಿ, ತಮಟೆಯಿದ್ದರೂ ಸರಿ. ನುಡಿ ಕನ್ನಡವಾದರೆ ಸಂತೋಷ. ಊರಿಗಾಮಿನ ಎಷ್ಟೋ ಮನೆಗಳಲ್ಲಿ ತಾಯಿಯ ಮಾತು ತಮಿಳು, ತೆಲುಗು, ಉರ್ದು ಆಗಿರುವುದರಿಂದ ಅವೂ ಬಂದು ಬೆರೆತರೆ ತಪ್ಪಿಲ್ಲ. ಆ ಮಾತು ಆ ಬೀದಿಯಲ್ಲಿ ಆಡುವ ಮಾತಾಗಿರಬೇಕು. ಎರವಲಿನದಾಗಿರಬಾರದು ಎಂಬುದೊಂದೇ ನಿಬಂಧನೆ.

ರೈಲಿನಲ್ಲಿ ಸೋರುವ ಮಾಳಿಗೆಯ ಹಾಡನ್ನು ಕೇಳುತ್ತ ಹೋಗುವ ತರುಣನನ್ನು ಹಿರಿಯರು ತಡೆಯಬೇಕಾಗಿಲ್ಲ. ಅವನು ಕೇಳುತ್ತಿರುವುದು ಒಳ್ಳೆಯ ಹಾಡನ್ನೇ. ಬಂಗಾರಪೇಟೆ ದಾಟುವುದರೊಳಗೆ ಹಾಡು ಮುಗಿಯುತ್ತದೆ. ಮುಗಿದ ಮೇಲೆ ಅವನ ಸ್ವಂತ ಮನೆಯ ಮಾಡಿನ ವಿಚಾರವಾಗಿ ಅವನೇನು ಹಾಡುತ್ತಾನೆಂದು ಕೇಳುವುದು ಮಾತ್ರ ಉಳಿದಿದೆ.